ಪುಟ್ ಅಪ್ ಆಯಿತು, ಕೆಲಸ ಆಯಿತೇ?



ನಮ್ಮ ಊರುಗಳಲ್ಲಿ ಮನೆಯೊಳಗೆ ಕನ್ನಡ. ಬೀದಿಗೆ ಇಳಿದರೆ ತಮಿಳು. ಕಚೇರಿಯ ಮೆಟ್ಟಿಲು ಹತ್ತಿದರೆ ತಮಿಳಿನ ನಡುವೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಮಾತು. ಮೊದಲಿನ ಎರಡು ಭಾಷೆಗಳಲ್ಲಿ ನಮ್ಮನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ಮೂರನೆಯದು ಎರಡೇ ಪದಗಳಷ್ಟು ಬಂದರೂ ಕೆಲವು ಸಲ ಒಂದು ವರ್ಷದ ಕೆಲಸವನ್ನು ಕೆಡಿಸಿಬಿಡುತ್ತದೆ. ಇವತ್ತು ಅಂಥ ಎರಡು ಪದಗಳ ಬಗ್ಗೆ ಮಾತನಾಡೋಣ. ಒಂದು ‘ಪುಟ್’, ಇನ್ನೊಂದು ‘ಅಪ್’. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ. ಒಂದನೆಯ ತರಗತಿಯ ಮಗುವಿಗೂ ಇವು ಗೊತ್ತು. ಆದರೆ ಎರಡೂ ಜೊತೆಯಾಗಿ ನಿಂತಾಗ ‘ಮೇಲೆ ಇಡು’ ಎಂಬ ಅರ್ಥವಷ್ಟೇ ಬರುತ್ತದೆಯೇ? ಇಲ್ಲ ಎಂಬುದನ್ನು ನಮ್ಮ ಮನೆಯಲ್ಲೇ ಕಲಿತೆವು, ಅದೂ ನಷ್ಟಪಟ್ಟು.

ಅದಿಯಮಾನ್‌ಕೋಟೆಯ ಹತ್ತಿರ ನಮ್ಮ ಚಿಕ್ಕಪ್ಪನವರಿಗೆ ಎರಡು ಎಕರೆ ಹೊಲವಿದೆ. ತಾತ ತೀರಿಕೊಂಡ ಮೇಲೆ ಪಾಲಾಗಿ, ಪತ್ರವೂ ರಿಜಿಸ್ಟರ್ ಆಗಿತ್ತು. ಪಟ್ಟಾ ಮಾತ್ರ ತಾತನ ಹೆಸರಿನಲ್ಲೇ ಉಳಿದಿತ್ತು. ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಚಿಕ್ಕಪ್ಪ ಅರ್ಜಿ ಕೊಟ್ಟರು. ಒಂದು ತಿಂಗಳು ಕಾದು ವಿಚಾರಿಸಲು ಹೋದರು. ಮೇಜಿನ ಹಿಂದೆ ಕುಳಿತಿದ್ದವರು ಕಾಗದದಿಂದ ತಲೆ ಎತ್ತದೆಯೇ, “ಫೈಲ್ ಪುಟ್ ಅಪ್ ಪಣ್ಣಿಯಾಚ್ಚು, ಪೋಂಗ” ಎಂದರು. ಚಿಕ್ಕಪ್ಪ ಕೈಮುಗಿದು ಹೊರಗೆ ಬಂದರು. ಸಂಜೆ ಮನೆ ಸೇರಿದವರೇ, “ಪಟ್ಟಾ ಕೆಲಸ ಮುಗೀತು ಕಣಮ್ಮಾ” ಎಂದು ಚಿಕ್ಕಮ್ಮನ ಕೈಗೆ ಜಿಲೇಬಿಯ ಪೊಟ್ಟಣ ಕೊಟ್ಟರು. ಅಕ್ಕಪಕ್ಕದ ಮನೆಗಳಿಗೂ ಎರಡೆರಡು ಜಿಲೇಬಿ ಹೋಯಿತು.

ಕೆಲವು ದಿನಗಳಲ್ಲಿ ಒಂದು ಕಾಗದ ಬಂತು. ಮೂಲ ಪತ್ರವನ್ನು ಇಂಥ ದಿನದೊಳಗೆ ತಂದು ತೋರಿಸಬೇಕು ಎಂದು ಅದರಲ್ಲಿತ್ತು. “ಮುಗಿದ ಕೆಲಸಕ್ಕೆ ಇನ್ನೇನು ಕಾಗದ? ಮೊದಲೇ ಬರೆದಿಟ್ಟದ್ದು ಈಗ ತಲುಪಿರಬೇಕು” ಎಂದುಕೊಂಡು ಚಿಕ್ಕಪ್ಪ ಅದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಬಿತ್ತನೆಯ ಕಾಲಕ್ಕೆ ಬೆಳೆ ಸಾಲ ಕೇಳಲು ಹೋದಾಗ ಚಿಟ್ಟಾ ತೆಗೆಸಿ ನೋಡಿದರೆ ಅದರಲ್ಲಿ ತಾತನ ಹೆಸರೇ ಇತ್ತು. ಕರೆದಾಗ ಬರಲಿಲ್ಲವೆಂದು ಅರ್ಜಿಯನ್ನು ಮುಚ್ಚಿಬಿಟ್ಟಿದ್ದರು. ಸಾಲ ಸಿಗಲಿಲ್ಲ. ಆ ವರ್ಷ ಅರಿಸಿನದ ಬಿತ್ತನೆಗೆ ಹೊರಗಿನಿಂದ ಬಡ್ಡಿಗೆ ಹಣ ತರಬೇಕಾಯಿತು. ಎರಡು ಪದಗಳಿಗೆ ತೆತ್ತ ಬಡ್ಡಿ ಅದು.

ಚಿಕ್ಕಪ್ಪ ತಪ್ಪಿದ್ದು ದಡ್ಡತನದಿಂದಲ್ಲ. ಅವರ ಲೆಕ್ಕಕ್ಕೂ ಒಂದು ಆಧಾರವಿತ್ತು. ಪರೀಕ್ಷೆಯ ಕೊಠಡಿಯಲ್ಲಿ ಕೊನೆಯ ಗಂಟೆ ಹೊಡೆದ ಕೂಡಲೇ ‘ಟೈಮ್ ಅಪ್’ ಎನ್ನುತ್ತಾರಲ್ಲ, ಹಾಗೆಂದರೆ ವೇಳೆ ಮುಗಿಯಿತು ಎಂದರ್ಥ. ‘ಈಟ್ ಅಪ್’ ಎಂದರೆ ಎಲೆಯಲ್ಲಿರುವುದನ್ನು ಪೂರ್ತಿ ತಿಂದುಬಿಡು. ‘ಡ್ರಿಂಕ್ ಅಪ್’ ಎಂದರೆ ಲೋಟ ಖಾಲಿಮಾಡು. ‘ಯೂಸ್ ಅಪ್’ ಎಂದರೆ ಉಳಿಯದಂತೆ ಬಳಸು. ಈ ಮಾತುಗಳಲ್ಲಿ ಅಪ್ ಎಂಬುದು ಮೇಲೆ ಎಂಬ ಅರ್ಥವನ್ನು ಬಿಟ್ಟುಕೊಟ್ಟು, ಕೆಲಸ ಪೂರ್ತಿಯಾಯಿತು ಎಂದು ಹೇಳುತ್ತದೆ. ನಮ್ಮ ‘ತಿಂದುಬಿಡು’, ತಮಿಳಿನ ‘ಸಾಪ್ಪಿಟ್ಟು ವಿಡು’ ಎಂಬಲ್ಲಿ ಬಿಡು, ವಿಡು ಮಾಡುವ ಕೆಲಸವೇ ಇದು. ಅದರ ಮೇಲೆ ಆ ಕಚೇರಿಯವರು ‘ಪಣ್ಣಿಯಾಚ್ಚು’ ಎಂದೂ ಸೇರಿಸಿದ್ದರು. ‘ಆಚ್ಚು’ ಎಂದರೆ ಆಯಿತು. ಒಂದೇ ಮಾತಿನಲ್ಲಿ ಮುಕ್ತಾಯದ ಎರಡು ಗುರುತುಗಳು ಕೇಳಿಸಿದ ಮೇಲೆ ಯಾರಾದರೂ ಕೆಲಸ ಮುಗಿಯಿತೆಂದೇ ತಿಳಿಯುತ್ತಾರೆ.

ಆದರೆ ಅಲ್ಲಿ ಆಗಿದ್ದು ಏನು? ಕಚೇರಿಗೆ ಒಂದು ಅರ್ಜಿ ಬಂದರೆ ಅದಕ್ಕೊಂದು ಕಡತ ತೆರೆಯುತ್ತಾರೆ. ಗುಮಾಸ್ತರು ಹಿಂದಿನ ಕಾಗದಗಳನ್ನು ನೋಡಿ, ನಿಯಮ ಏನು ಹೇಳುತ್ತದೆ ಎಂದು ಒಂದು ಟಿಪ್ಪಣಿ ಬರೆಯುತ್ತಾರೆ. ಆಮೇಲೆ ಕಡತವನ್ನು ಮೇಲಧಿಕಾರಿಯ ಮುಂದೆ ಇಡುತ್ತಾರೆ. ಹೀಗೆ ಮುಂದೆ ಇಡುವುದೇ ಕಚೇರಿಯ ಭಾಷೆಯಲ್ಲಿ ಪುಟ್ ಅಪ್. ಕರ್ನಾಟಕದ ಕಚೇರಿಗಳ ಕನ್ನಡದಲ್ಲಿ ಇದನ್ನು ‘ಮಂಡಿಸು’ ಎನ್ನುತ್ತಾರೆ. ಕಡತವನ್ನು ಮಂಡಿಸಿದೆ ಎಂದರೆ ನೋಡಬೇಕಾದವರ ಕಣ್ಣಿನ ಮುಂದೆ ಇಟ್ಟಿದೆ ಎಂದಷ್ಟೇ. ಅವರು ಒಪ್ಪಬಹುದು, ತಳ್ಳಿಹಾಕಬಹುದು, ಇನ್ನೊಂದು ಕಾಗದ ಬೇಕೆಂದು ಹಿಂದಕ್ಕೆ ಕಳಿಸಬಹುದು. ಚಿಕ್ಕಪ್ಪನವರ ವಿಷಯದಲ್ಲಿ ಆದದ್ದು ಈ ಮೂರನೆಯದು. ಗುಮಾಸ್ತರು ‘ಆಚ್ಚು’ ಎಂದದ್ದು ಸುಳ್ಳಲ್ಲ. ಅವರ ಪಾಲಿನ ಕೆಲಸ ಆಗಿತ್ತು. ನಮ್ಮ ಕೆಲಸ ಆಗಿರಲಿಲ್ಲ.

ಪುಟ್ ಅಪ್ ಎಂಬ ಮಾತಿಗೆ ಈ ಕಚೇರಿಯ ಅರ್ಥ ಇಂಗ್ಲೆಂಡಿನ ದಿನಬಳಕೆಯಲ್ಲಿ ಸಾಮಾನ್ಯವಲ್ಲ. ಇದು ನಮ್ಮ ದೇಶದ ಕಚೇರಿಗಳಲ್ಲಿ ಬೇರೂರಿದ ಬಳಕೆ. ಉತ್ತರ ಭಾರತದ ಕೆಲವು ನ್ಯಾಯಾಲಯಗಳಲ್ಲಿ ಒಂದು ತಾರೀಖು ಬರೆದು, ಅಂದು ‘ಪುಟ್ ಅಪ್’ ಎಂದು ಆದೇಶವಾಗುತ್ತದೆ. ಆ ದಿನ ಪ್ರಕರಣವನ್ನು ಮತ್ತೆ ನ್ಯಾಯಾಧೀಶರ ಮುಂದೆ ಇಡಿ ಎಂದು ಅದರ ಅರ್ಥ. ಅಲ್ಲಿಯೂ ತೀರ್ಪು ಇನ್ನೂ ಬಂದಿಲ್ಲ.

ಈಗ ಈ ಮಾತಿನ ಉಳಿದ ಅರ್ಥಗಳನ್ನು ನೋಡೋಣ. ಎಲ್ಲವನ್ನೂ ಒಂದೇ ಸಲ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಬಳ್ಳಿಯಲ್ಲಿ ಕಾಯಿಗಳು ಬಿಟ್ಟ ಹಾಗೆ ಇವು ಒಂದರ ಹತ್ತಿರ ಒಂದು ಬಿಟ್ಟಿವೆ. ಬಳ್ಳಿಯನ್ನು ಹಿಡಿದುಕೊಂಡು ಹೋದರೆ ಸಾಕು.

ಬಳ್ಳಿಯ ಬುಡದಲ್ಲಿರುವುದು ಕಣ್ಣಿಗೆ ಕಾಣುವ ಅರ್ಥ. ತರಗತಿಯಲ್ಲಿ ಮೇಷ್ಟ್ರು, ‘ಪುಟ್ ಅಪ್ ಯುವರ್ ಹ್ಯಾಂಡ್ಸ್’ ಎಂದರೆ ಕೈ ಎತ್ತಿ ಎಂದರ್ಥ. ಮಳೆ ಬಂದಾಗ ಕೊಡೆ ಬಿಚ್ಚಿ ಹಿಡಿಯುವುದಕ್ಕೂ ಪುಟ್ ಅಪ್ ಎನ್ನುತ್ತಾರೆ. ಇಲ್ಲಿ ಏನೋ ಒಂದು ನಿಜವಾಗಿ ಮೇಲಕ್ಕೆ ಹೋಗುತ್ತದೆ. ಗೋಡೆಗೆ ನೋಟೀಸು ಅಂಟಿಸಿದರೂ, ಅಂಗಡಿಗೆ ಬೋರ್ಡು ಹಾಕಿದರೂ ಅದು ಪುಟ್ ಅಪ್. ಮೇಲಕ್ಕೆ ಏರಿಸಿದ್ದು ನಾಲ್ಕು ಜನ ನೋಡಲಿ ಎಂದು.

ಅಲ್ಲಿಂದ ಮುಂದೆ ನಿಲ್ಲಿಸುವುದು, ಕಟ್ಟುವುದು. ಗುಡಿಸಲು, ಗೋಡೆ, ಮನೆ, ಪೆಂಡಾಲು, ಏನೇ ಇರಲಿ, ನೆಲದಿಂದ ಎಬ್ಬಿಸಿ ನಿಲ್ಲಿಸಿದರೆ ಪುಟ್ ಅಪ್. ನಮ್ಮ ಧರ್ಮಪುರಿ ಜಿಲ್ಲೆಯ ಹೊಲಗಳಲ್ಲಿ, ಊರ ಬದಿಯಲ್ಲಿ ಹಳೆಯ ವೀರಗಲ್ಲುಗಳಿವೆ. ದನಗಳನ್ನು ಹಿಡಿದೊಯ್ಯಲು ಬಂದವರ ಮೇಲೆ ಹೋರಾಡಿ ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳೂ ಅವುಗಳಲ್ಲಿ ಸೇರಿವೆ. ತಮಿಳಿನಲ್ಲಿ ಇವನ್ನು ನಡುಕಲ್ ಎನ್ನುತ್ತಾರೆ, ನೆಟ್ಟ ಕಲ್ಲು ಎಂದರ್ಥ. ಕನ್ನಡದಲ್ಲಿ ಕಲ್ಲು ನಿಲ್ಲಿಸಿದರು ಎನ್ನುತ್ತೇವೆ. ಇಂಗ್ಲಿಷಿನವರು ಇದನ್ನೇ ಹೇಳಬೇಕಾದರೆ ಕಲ್ಲನ್ನು ಪುಟ್ ಅಪ್ ಮಾಡಿದರು ಎನ್ನುತ್ತಾರೆ. ಒಬ್ಬರು ನೆಡುತ್ತಾರೆ, ಒಬ್ಬರು ನಿಲ್ಲಿಸುತ್ತಾರೆ, ಒಬ್ಬರು ಮೇಲೆ ಇಡುತ್ತಾರೆ. ಕಲ್ಲು ಮಾತ್ರ ಒಂದೇ.

ಇನ್ನು ಏರಿಸುವುದು. ಬಸ್ಸಿನ ದರ, ಮನೆಯ ಬಾಡಿಗೆ, ಅಕ್ಕಿಯ ಬೆಲೆ ಇವುಗಳ ಜೊತೆ ಪುಟ್ ಅಪ್ ಬಂದರೆ ಹೆಚ್ಚಿಸಿದರು ಎಂದರ್ಥ. ಇದು ಸುಲಭ. ನಾವೂ ಬೆಲೆ ಏರಿತು ಎನ್ನುತ್ತೇವೆ. ಬೆಲೆಗೆ ಏಣಿ ಇಲ್ಲದಿದ್ದರೂ ಅದು ಏರುತ್ತದೆ.

ಮುಂದಿನದು ನಮ್ಮ ಚಿಕ್ಕಪ್ಪನವರ ಕಡತಕ್ಕೆ ತೀರ ಹತ್ತಿರದ್ದು. ‘ಪುಟ್ ಅಪ್ ಫಾರ್ ಸೇಲ್’ ಎಂದರೆ ಮಾರಾಟಕ್ಕೆ ಇಟ್ಟಿದ್ದಾರೆ ಎಂದರ್ಥ, ಮಾರಿದ್ದಾರೆ ಎಂದಲ್ಲ. ‘ಪುಟ್ ಅಪ್ ಫಾರ್ ಆಕ್ಷನ್’ ಎಂದರೆ ಹರಾಜಿಗೆ ಇಟ್ಟಿದ್ದಾರೆ, ಕೂಗು ಇನ್ನೂ ಮುಗಿದಿಲ್ಲ. ಚುನಾವಣೆಯಲ್ಲಿ ಒಂದು ಪಕ್ಷ ಅಭ್ಯರ್ಥಿಯನ್ನು ಪುಟ್ ಅಪ್ ಮಾಡಿತು ಎಂದರೆ ನಿಲ್ಲಿಸಿತು, ಗೆಲ್ಲಿಸಿತು ಎಂದಲ್ಲ. ಒಬ್ಬರು ಒಂದು ಕೆಲಸಕ್ಕೆ ಹಣ ಪುಟ್ ಅಪ್ ಮಾಡಿದರು ಎಂದರೆ ಹಣ ಮುಂದಿಟ್ಟರು, ಲಾಭ ಬಂತು ಎಂದಲ್ಲ.

‘ಪುಟ್ ಅಪ್ ಎ ಫೈಟ್’ ಎಂಬ ಮಾತೂ ಇದೇ ಜಾತಿಯದು. ಎದುರು ನಿಂತು ಹೋರಾಟ ಕೊಟ್ಟ ಎಂದರ್ಥ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಊರಿನ ಹೆಸರಿನಲ್ಲೇ ಇದೆ. ಸಂಗಂ ಕಾಲದಲ್ಲಿ ಈ ಸೀಮೆಗೆ ತಗಡೂರು ಎಂದು ಹೆಸರು, ಅದನ್ನು ಆಳಿದ ಮನೆತನ ಅದಿಯಮಾನರದು. ಔವೈಯಾರ್ ಹಾಡಿ ಹೊಗಳಿದ ಅದಿಯಮಾನ್ ನೆಡುಮಾನ್ ಅಂಜಿ ಆ ಮನೆತನದವನು. ಚೇರ ಅರಸ ಪೆರುಂಚೇರಲ್ ಇರುಂಪೊರೈ ತಗಡೂರಿನ ಮೇಲೆ ದಂಡೆತ್ತಿ ಬಂದಾಗ ಅದಿಯಮಾನ್ ಬಾಗಿಲು ತೆರೆದು ಕೊಡಲಿಲ್ಲ, ಎದುರು ನಿಂತ. ಆದರೂ ತಗಡೂರು ಚೇರನ ವಶವಾಯಿತು. ಅದಿಯಮಾನ್ ಪುಟ್ ಅಪ್ ಎ ಫೈಟ್ ಎಂದರೆ ಮಾತು ಸರಿ. ಆ ಮಾತಿನಲ್ಲಿ ಯಾರು ಗೆದ್ದರು ಎಂಬುದು ಇಲ್ಲ. ಅದನ್ನು ಬೇರೆಯಾಗಿ ಕೇಳಿ ತಿಳಿಯಬೇಕು.

ಇಲ್ಲಿಗೆ ಬಳ್ಳಿಯ ಗುಟ್ಟು ಸಿಕ್ಕಿತು. ಮಾರಾಟ, ಹರಾಜು, ಅಭ್ಯರ್ಥಿ, ಹೋರಾಟ, ಕಡತ, ಇವೆಲ್ಲದರಲ್ಲೂ ಪುಟ್ ಅಪ್ ಎಂದರೆ ಎದುರಿಗೆ ತಂದು ನಿಲ್ಲಿಸಿದ್ದಾರೆ ಎಂದರ್ಥ. ಮುಂದೆ ಏನಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಈಟ್ ಅಪ್ ಎಂಬಲ್ಲಿ ಅಪ್ ಕೆಲಸವನ್ನು ಮುಗಿಸುತ್ತದೆ. ಈ ಮಾತುಗಳಲ್ಲಿ ಅದೇ ಅಪ್ ಕೆಲಸವನ್ನು ಶುರುಮಾಡುತ್ತದೆ. ಚಿಕ್ಕಪ್ಪ ಎಡವಿದ್ದು ಈ ಎರಡು ಅಪ್‌ಗಳ ನಡುವೆ.

ಈ ಬಳ್ಳಿಗೆ ಸ್ವಲ್ಪ ದೂರದಲ್ಲಿ ಬಿಟ್ಟ ಕಾಯಿಗಳೂ ಇವೆ. ಒಂದು, ತಂಗಲು ಜಾಗ ಕೊಡುವುದು. ಊರಿಗೆ ಬಂದ ನೆಂಟರನ್ನು ಒಂದು ರಾತ್ರಿ ಮನೆಯಲ್ಲಿ ಉಳಿಸಿಕೊಂಡರೆ ‘ಪುಟ್ ಅಪ್’ ಮಾಡಿದೆವು ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಬೇರೊಂದು ರೂಪ ತಾಳಿದೆ. ಎಲ್ಲಿ ವಾಸ ಎಂದು ಕೇಳಲು, ‘ವೇರ್ ಆರ್ ಯೂ ಪುಟ್ ಅಪ್’ ಎನ್ನುವವರು ಎಷ್ಟೋ ಜನ. ನಮ್ಮ ಹುಡುಗರು ಬೆಂಗಳೂರಿಗೋ ಸೇಲಂಗೋ ಕೆಲಸಕ್ಕೆ ಸೇರಲು ಹೋದಾಗ ಈ ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ. ‘ಐ ಆಮ್ ಪುಟ್ ಅಪ್ ಅಟ್ ಅದಿಯಮಾನ್‌ಕೋಟೆ’ ಎಂದು ಉತ್ತರ ಕೊಡುತ್ತಾರೆ. ನಮ್ಮ ದೇಶದವರಿಗೆ ಇದು ಅರ್ಥವಾಗುತ್ತದೆ. ಇಂಗ್ಲೆಂಡಿನವರ ಕಿವಿಗೆ ಮಾತ್ರ ಇದು ಬೇರೆ ರೀತಿ ಕೇಳಿಸುತ್ತದೆ. ಪಾಪ, ಯಾರದೋ ಮನೆಯಲ್ಲಿ ನಾಲ್ಕು ದಿನ ತಂಗಿದ್ದಾನೆ, ಇವನ ಸ್ವಂತ ಮನೆ ಎಲ್ಲೋ ಎಂದುಕೊಳ್ಳುತ್ತಾರೆ.

ಗಡಿಯ ಜನರಾದ ನಮಗೆ ಇದು ಬರೀ ವ್ಯಾಕರಣದ ಮಾತಲ್ಲ. ಕನ್ನಡ ಮಾತನಾಡುತ್ತೀರಿ, ಹಾಗಾದರೆ ಎಲ್ಲಿಂದ ಬಂದಿರಿ ಎಂಬ ಪ್ರಶ್ನೆಯನ್ನು ನಾವು ಆಗಾಗ ಕೇಳಿಸಿಕೊಂಡಿದ್ದೇವೆ. 9ನೆಯ ಶತಮಾನದಲ್ಲಿ ನೊಳಂಬರು ಈ ಸೀಮೆಯನ್ನು ಆಳಿದಾಗ ಬರೆಸಿದ ಕನ್ನಡ ಶಾಸನಗಳು ಧರ್ಮಪುರಿಯಲ್ಲೇ ದೊರೆತಿವೆ. ಹೊಗೇನಕಲ್ ಎಂಬ ಹೆಸರಿನಲ್ಲಿ ನಮ್ಮ ಹೊಗೆಯೂ ಇದೆ, ಕಲ್ಲೂ ಇದೆ. ಇಲ್ಲಿ ಈ ಭಾಷೆ ತಂಗಲು ಬಂದದ್ದಲ್ಲ. ಆದ್ದರಿಂದ ಮಕ್ಕಳಿಗೆ ಹೇಳಿಕೊಡಿ. ಸ್ವಂತ ಊರಿನ ಬಗ್ಗೆ ಕೇಳಿದರೆ ‘ಐ ಲಿವ್ ಇನ್ ಅದಿಯಮಾನ್‌ಕೋಟೆ’ ಎಂದರೆ ಸಾಕು. ಹಾಸ್ಟೆಲಿನಲ್ಲೋ ಅತ್ತೆಯ ಮನೆಯಲ್ಲೋ ಕೆಲವು ದಿನ ಇದ್ದರೆ ಆಗ ಪುಟ್ ಅಪ್ ಎನ್ನಲಿ.

ಇನ್ನೊಂದು ಕಾಯಿ ಸಹಿಸುವುದು. ಪುಟ್ ಅಪ್ ಎಂಬುದರ ಬಾಲಕ್ಕೆ ‘ವಿತ್’ ಎಂಬ ಪುಟ್ಟ ಪದ ಸೇರಿದರೆ ಸಹಿಸಿಕೊಳ್ಳುವುದು ಎಂದು ಅರ್ಥವೇ ಬದಲಾಗಿಬಿಡುತ್ತದೆ. ಒಬ್ಬ ಹುಡುಗ ಓದಲು ಮಾವನ ಮನೆಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಅದನ್ನು ಹೇಳಲು ಹೋಗಿ, ‘ಐ ಪುಟ್ ಅಪ್ ವಿತ್ ಮೈ ಅಂಕಲ್’ ಎಂದರೆ, ನಮ್ಮ ಮಾವನನ್ನು ಹೇಗೋ ಸಹಿಸಿಕೊಂಡು ಹೋಗುತ್ತಿದ್ದೇನೆ ಎಂದಾಗುತ್ತದೆ. ಮಾವನಿಗೆ ಇಂಗ್ಲಿಷ್ ಬರುತ್ತಿದ್ದರೆ ಅಂದು ರಾತ್ರಿಯ ಊಟ ಅನುಮಾನ.

ಪದಗಳು ನಿಲ್ಲುವ ಜಾಗವೂ ಇಲ್ಲಿ ಮುಖ್ಯ. ‘ಪುಟ್ ಹಿಮ್ ಅಪ್’ ಎಂದರೆ ಅವನಿಗೆ ತಂಗಲು ಜಾಗ ಕೊಡು. ‘ಪುಟ್ ಅಪ್ ವಿತ್ ಹಿಮ್’ ಎಂದರೆ ಅವನನ್ನು ಸಹಿಸಿಕೋ. ಮೊದಲನೆಯದರಲ್ಲಿ ಅವನು ಎರಡು ಪದಗಳ ನಡುವೆ ಬೆಚ್ಚಗೆ ಕುಳಿತಿದ್ದಾನೆ. ಎರಡನೆಯದರಲ್ಲಿ ಮೂರೂ ಪದಗಳ ಹೊರಗೆ ನಿಂತಿದ್ದಾನೆ. ಹಾಗೆಂದು ವಿತ್ ಬಂದಲ್ಲೆಲ್ಲ ಸಹನೆಯ ಮಾತೇ ಎಂದುಕೊಳ್ಳಬಾರದು. ಕಡತದ ಅಂಚಿನಲ್ಲಿ ಅಧಿಕಾರಿ, ‘ಪುಟ್ ಅಪ್ ವಿತ್ ಓಲ್ಡ್ ಪೇಪರ್ಸ್’ ಎಂದು ಬರೆದರೆ ಹಳೆಯ ಕಾಗದಗಳನ್ನು ಸಹಿಸಿಕೊಳ್ಳಿ ಎಂದಲ್ಲ, ಅವುಗಳ ಜೊತೆ ಸೇರಿಸಿ ಮಂಡಿಸಿ ಎಂದರ್ಥ. ಮಾತು ಎಲ್ಲಿ ಆಡಿದ್ದು ಎಂಬುದನ್ನೂ ನೋಡಬೇಕು.

‘ವಿತ್’ ಬದಲು ‘ಟು’ ಸೇರಿದರೆ ಕಿವಿ ಊದುವುದು. ಹುಡುಗ ತಾನಾಗಿ ಕಲ್ಲು ಎಸೆಯಲಿಲ್ಲ, ಯಾರೋ ಅವನನ್ನು ‘ಪುಟ್ ಅಪ್ ಟು’ ಮಾಡಿದರು ಎಂದರೆ ಎತ್ತಿಕಟ್ಟಿದರು ಎಂದರ್ಥ. ನೋಡಿ, ಕನ್ನಡದಲ್ಲಿಯೂ ‘ಎತ್ತಿ’ ಎಂಬುದು ಬಂತು. ‘ಪುಟ್ ಅಪ್ ಜಾಬ್’ ಎಂದರೆ ಮೊದಲೇ ಮಾತಾಡಿಕೊಂಡು ಹೂಡಿದ ಮೋಸ. ಅಲ್ಲಿ ಜಾಬ್ ಎಂಬುದನ್ನು ಕೇಳಿ ಕೆಲಸ ಸಿಕ್ಕಿತೆಂದು ಸಂತೋಷಪಡಬಾರದು.

ಕೊನೆಯದಾಗಿ ಒಂದು ಹಳೆಯ ಅರ್ಥ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಕತ್ತಿಯನ್ನು ಒರೆಗೆ ಸೇರಿಸು ಎನ್ನಲು ಪುಟ್ ಅಪ್ ಎಂದೇ ಇದೆ. ಹೋರಾಟಕ್ಕೆ ನಿಲ್ಲುವುದೂ ಪುಟ್ ಅಪ್, ಹೋರಾಟ ನಿಲ್ಲಿಸಿ ಕತ್ತಿ ಒಳಗಿಡುವುದೂ ಪುಟ್ ಅಪ್. ಒಳಗೆ ಜೋಪಾನವಾಗಿ ಇಡುವ ಈ ಅರ್ಥ ಅಮೆರಿಕದ ಅಡುಗೆಮನೆಗಳಲ್ಲಿ ಇಂದಿಗೂ ಉಳಿದಿದೆ. ಹಣ್ಣು ತರಕಾರಿಗಳನ್ನು ಬಾಟಲಿಗಳಲ್ಲಿ ತುಂಬಿ ಮುಂದಿನ ತಿಂಗಳುಗಳಿಗೆ ಕಾಪಿಡುವುದಕ್ಕೆ ಅಲ್ಲಿನ ಹೆಂಗಸರು ಪುಟ್ ಅಪ್ ಎನ್ನುತ್ತಾರೆ. ನಮ್ಮ ತಾಯಂದಿರು ಮಾವಿನಕಾಯಿಯ ಕಾಲದಲ್ಲಿ ಮಾಡುವುದೂ ಇದನ್ನೇ. ಉಪ್ಪಿನಕಾಯಿ ಹಾಕುತ್ತಾರೆ. ತಮಿಳಿನಲ್ಲಿ ಊರುಗಾಯ್ ಪೋಡುತ್ತಾರೆ.

ಈ ಹಾಕು, ಪೋಡು ಎಂಬ ಎರಡು ಮಾತುಗಳನ್ನು ಹಿಡಿದುಕೊಳ್ಳಿ. ಪುಟ್ ಅಪ್ ಎಂಬ ಎರಡಕ್ಷರಕ್ಕೆ ಇಷ್ಟೊಂದು ಅರ್ಥವೇ, ಇಂಗ್ಲಿಷ್ ಎಂಥ ಹುಚ್ಚು ಭಾಷೆ ಎಂದು ನಿಮಗೆ ಅನ್ನಿಸಿರಬಹುದು. ನಮ್ಮ ಮನೆಯ ‘ಹಾಕು’ ಎಷ್ಟು ಕೆಲಸ ಮಾಡುತ್ತದೆ ಎಂದು ಎಣಿಸಿದ್ದೀರಾ? ಅನ್ನ ಹಾಕು ಎಂದರೆ ಬಡಿಸು. ಬೀಗ ಹಾಕು ಎಂದರೆ ಮುಚ್ಚು. ಅಂಗಿ ಹಾಕು ಎಂದರೆ ತೊಡು. ಸಹಿ ಹಾಕು ಎಂದರೆ ಬರೆ. ಅರ್ಜಿ ಹಾಕು ಎಂದರೆ ಸಲ್ಲಿಸು. ಓಟು ಹಾಕು, ಗೊಬ್ಬರ ಹಾಕು, ಕೂಗು ಹಾಕು, ಲೆಕ್ಕ ಹಾಕು, ಇವೆಲ್ಲ ಒಂದೇ ಅರ್ಥವೇ? ತಮಿಳಿಗೆ ದಾಟಿದರೆ ಸೋರು ಪೋಡು, ಪೂಟ್ಟು ಪೋಡು, ಸಟ್ಟೈ ಪೋಡು, ಕೈಯೆಳುತ್ತು ಪೋಡು, ಮನು ಪೋಡು, ಓಟ್ಟು ಪೋಡು. ಇವುಗಳಲ್ಲಿ ಒಂದನ್ನಾದರೂ ನಮಗೆ ಯಾರಾದರೂ ಪಾಠ ಮಾಡಿದರೇ? ಇಲ್ಲ. ಬೀಗ ಎಂಬ ಮಾತು ಜೊತೆಗಿದ್ದರೆ ಹಾಕು ಎಂಬುದರ ಅರ್ಥ ತಾನಾಗಿ ತಿಳಿಯುತ್ತದೆ. ಬೀಗವನ್ನು ಯಾರೂ ಎಲೆಗೆ ಬಡಿಸುವುದಿಲ್ಲ.

ಕ್ರಿಯಾಪದದ ಬಾಲಕ್ಕೆ ಇನ್ನೊಂದು ಪುಟ್ಟ ಮಾತು ಸೇರಿ ಅರ್ಥ ತಿರುಗುವುದೂ ನಮಗೆ ಹೊಸದಲ್ಲ. ಮಾಡಿ ನೋಡು ಎಂದರೆ ಪ್ರಯತ್ನಿಸು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಮಾಡಿಕೊ ಎಂದರೆ ನಿನಗಾಗಿ ಮಾಡು. ಮಾಡಿಡು ಎಂದರೆ ಮುಂದಕ್ಕೆ ಬೇಕಾಗುತ್ತದೆ, ಈಗಲೇ ಸಿದ್ಧಮಾಡು. ಮಾಡಿಬಿಡು ಎಂದರೆ ಮುಗಿಸು. ಮಾಡಿಹಾಕು ಎಂದರೆ, ಅಡುಗೆಮನೆಯಲ್ಲಿ ಬೇಸತ್ತವರ ಮಾತು, ಬೇರೆಯವರಿಗಾಗಿ ಬೇಯಿಸಿ ಬಡಿಸುವುದು. ತಮಿಳಿನ ಸೆಯ್ದು ಪಾರ್, ಸೆಯ್ದು ಕೊಳ್, ಸೆಯ್ದು ವೈ, ಸೆಯ್ದು ವಿಡು ಇವುಗಳ ಅಕ್ಕತಂಗಿಯರು. ಇಂಗ್ಲಿಷಿನಲ್ಲಿ ಬಾಲವಾಗಿ ಬರುವುದು ದಿಕ್ಕು ತೋರಿಸುವ ಪದ: ಅಪ್, ಡೌನ್, ಇನ್, ಔಟ್, ಆನ್, ಆಫ್. ನಮ್ಮಲ್ಲಿ ಬಾಲವಾಗಿ ಬರುವುದು ಇನ್ನೊಂದು ಕ್ರಿಯಾಪದ. ಸಾಮಾನು ಬೇರೆ, ಉಪಾಯ ಒಂದೇ.

ಇಂಗ್ಲಿಷಿನವರಿಗೂ ಈ ಮಾತುಗಳು ಹೊರಗಿನವರಿಗೆ ಕಷ್ಟ ಎಂಬುದು ಹಿಂದೆಯೇ ತಿಳಿದಿತ್ತು. 1755ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ದೊಡ್ಡ ನಿಘಂಟನ್ನು ಹೊರತಂದಾಗ, ಪರದೇಶದವರಿಗೆ ಅತಿ ಹೆಚ್ಚು ತೊಡಕು ಕೊಡುವುದು ಕ್ರಿಯಾಪದಕ್ಕೆ ಪುಟ್ಟ ಪದ ಸೇರಿದ ಇಂಥ ಮಾತುಗಳೇ ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡರು, ಅವುಗಳನ್ನು ಎಚ್ಚರದಿಂದ ಸಂಗ್ರಹಿಸಿದೆ ಎಂದೂ ಹೇಳಿದರು. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. 1925ರಲ್ಲಿ ಲೋಗನ್ ಪಿಯರ್‌ಸಾಲ್ ಸ್ಮಿತ್ ತಮ್ಮ ಪುಸ್ತಕದಲ್ಲಿ ಆ ಹೆಸರನ್ನು ಬಳಸಿದರು. ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ.

1930ರಲ್ಲಿ ಸಿ. ಕೆ. ಆಗ್ಡೆನ್ ಎಂಬವರು ಪರದೇಶದವರಿಗೆ ಇಂಗ್ಲಿಷ್ ಸುಲಭವಾಗಲಿ ಎಂದು 850 ಪದಗಳ ಒಂದು ಪಟ್ಟಿ ಮಾಡಿದರು. ಅದಕ್ಕೆ ಬೇಸಿಕ್ ಇಂಗ್ಲಿಷ್ ಎಂದು ಹೆಸರು. ಅದರಲ್ಲಿ ಕ್ರಿಯಾಪದಗಳು ಬರೀ 18. ಪುಟ್ ಅವುಗಳಲ್ಲಿ ಒಂದು. ಅಪ್ ಕೂಡ ಪಟ್ಟಿಯಲ್ಲಿತ್ತು. ಉಳಿದ ಕ್ರಿಯೆಗಳನ್ನೆಲ್ಲ ಈ 18ಕ್ಕೆ ಪುಟ್ಟ ಪದಗಳನ್ನು ಜೋಡಿಸಿ ಹೇಳಬೇಕು ಎಂಬುದು ಏರ್ಪಾಟು. ನೋಡಲು ಪಟ್ಟಿ ಚಿಕ್ಕದು. ಆದರೆ ಪುಟ್ ಒಂದು, ಅಪ್ ಒಂದು ಎಂದು ಎರಡು ಪದ ಕಲಿತವನು ಪುಟ್ ಅಪ್ ಎಂಬುದನ್ನು ಕಲಿತಂತಾಗುತ್ತದೆಯೇ? ಚಿಕ್ಕಪ್ಪನನ್ನು ಕೇಳಿದರೆ ಹೇಳಿಯಾರು.

ಹಾಗಾದರೆ ಇಂಥ ಮಾತು ಎದುರಾದಾಗ ಏನು ಮಾಡಬೇಕು? ನನಗೆ ತಿಳಿದ ಮೂರು ಉಪಾಯ ಹೇಳುತ್ತೇನೆ.

ಮೊದಲನೆಯದು, ಎರಡು ಪದಗಳನ್ನು ಬಿಡಿಸಬೇಡಿ. ಮಕ್ಕಳು ನಿಘಂಟು ನೋಡುವಾಗ ಪುಟ್ ಎಂಬಲ್ಲಿಗೆ ಹೋಗಿ, ಅದರ ಕೆಳಗೆ ಪುಟ್ ಅಪ್ ಎಂದು ಜೋಡಿಯಾಗಿ ಕೊಟ್ಟದ್ದನ್ನು ಹುಡುಕಲಿ. ಅಪ್ ಎಂಬುದನ್ನು ಬೇರೆ ಕಡೆ ನೋಡಿ ಎರಡನ್ನೂ ಕೂಡಿಸಿದರೆ ಲೆಕ್ಕ ತಪ್ಪುತ್ತದೆ.

ಎರಡನೆಯದು, ಜೊತೆಗೆ ಏನಿದೆ ಎಂದು ನೋಡಿ. ಗೋಡೆ ಇದ್ದರೆ ಕಟ್ಟುವುದು, ನೋಟೀಸು ಇದ್ದರೆ ಅಂಟಿಸುವುದು, ಬಾಡಿಗೆ ಇದ್ದರೆ ಏರಿಸುವುದು, ನೆಂಟರು ಇದ್ದರೆ ಉಳಿಸಿಕೊಳ್ಳುವುದು, ಕಡತ ಇದ್ದರೆ ಮಂಡಿಸುವುದು. ಬೀಗ ಹಾಕು, ಅನ್ನ ಹಾಕು ಎಂಬಲ್ಲಿ ನೀವು ಮಾಡುವುದೇ ಇದು. ಬಾಲದಲ್ಲಿ ವಿತ್, ಫಾರ್, ಟು ಏನಾದರೂ ಸೇರಿದೆಯೇ ಎಂದೂ ಗಮನಿಸಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಚೇರಿಯಲ್ಲಿ ಇಂಥ ಮಾತು ಕಿವಿಗೆ ಬಿದ್ದರೆ ತಲೆ ಆಡಿಸಿ ಹೊರಗೆ ಬರಬೇಡಿ. ನಿಮಗೆ ಬರುವ ಭಾಷೆಯಲ್ಲಿ ಮರಳಿ ಕೇಳಿ. ಈಗ ಎಷ್ಟೋ ಅರ್ಜಿಗಳು ಇ-ಸೇವೈ ಕೇಂದ್ರದ ಕಂಪ್ಯೂಟರಿನಿಂದ ಹೋಗುತ್ತವೆ. ಆದರೂ ಕೊನೆಗೆ ಒಬ್ಬರು ನೋಡಿ ಒಪ್ಪಬೇಕು. ಆ ಒಬ್ಬರು ಯಾರು, ಅವರು ಒಪ್ಪಿದರೇ, ನಮ್ಮಿಂದ ಇನ್ನೇನಾದರೂ ಬೇಕೇ, ಇಷ್ಟು ಕೇಳುವುದಕ್ಕೆ ಇಂಗ್ಲಿಷ್ ಬೇಕಾಗಿಲ್ಲ. ಗೊತ್ತಿಲ್ಲದ ಮಾತಿಗೆ ಅರ್ಥ ಕೇಳುವುದು ಅವಮಾನವಲ್ಲ. ಎರಡು ಭಾಷೆ ಬಲ್ಲವರು ಮೂರನೆಯದರಲ್ಲಿ ಒಂದು ಮಾತು ತಿಳಿಯಲಿಲ್ಲ ಎಂದರೆ ಯಾವ ದೊಡ್ಡಸ್ತಿಕೆಯೂ ಕಡಿಮೆಯಾಗುವುದಿಲ್ಲ.

ಚಿಕ್ಕಪ್ಪ ಎರಡನೆಯ ಸಲ ಅರ್ಜಿ ಕೊಟ್ಟಾಗ ನಾನೂ ಜೊತೆಗೆ ಹೋಗಿದ್ದೆ. ವಿಚಾರಿಸಲು ಹೋದ ದಿನ ಮತ್ತೆ ಅದೇ ಮಾತು ಬಂತು, “ಪುಟ್ ಅಪ್ ಪಣ್ಣಿಯಾಚ್ಚು.” ಈ ಸಲ ಚಿಕ್ಕಪ್ಪ ಕೈಮುಗಿದರು, ಆದರೆ ಹೊರಗೆ ಬರಲಿಲ್ಲ. “ಸಾರ್, ಯಾರ್ ಕಿಟ್ಟೆ ಇರುಕ್ಕು? ಕೈಯೆಳುತ್ತು ಆಯಿಡುಚ್ಚಾ?” ಎಂದು ಕೇಳಿದರು. ಯಾರ ಹತ್ತಿರ ಇದೆ, ಸಹಿ ಆಯಿತೇ ಎಂದು. ಮೇಜಿನ ಹಿಂದಿನವರು ಆಗ ತಲೆ ಎತ್ತಿ ನೋಡಿದರು. ಇನ್ನೂ ಆಗಿಲ್ಲ, ಮೂಲ ಪತ್ರ ತೋರಿಸಬೇಕು, ಯಾವ ದಿನ ಬರಬೇಕು ಎಂದು ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಆ ದಿನ ಹೋದೆವು. ಕೆಲವು ವಾರಗಳ ಮೇಲೆ ಪಟ್ಟಾ ಚಿಕ್ಕಪ್ಪನ ಹೆಸರಿಗೆ ಬಂತು.

ಚಿಕ್ಕಮ್ಮ, “ಈಗ ಜಿಲೇಬಿ ತರಬಹುದಾ?” ಎಂದು ಕೇಳಿದರು. ಚಿಕ್ಕಪ್ಪ ಕಾಗದವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು, ತಮ್ಮ ಹೆಸರನ್ನೂ ಕೆಳಗಿದ್ದ ಸಹಿಯನ್ನೂ ನೋಡಿ, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು.